ಎರಡು ಸೇರು ತೌಡು

ಮೊದಲೇ ಹೇಳ್ಬಿಡ್ತೀನಿ, ಇದನ್ನ ಓದಿ ನಿಮಗೆ ಸಮಾಧಾನ ಆಗಲ್ಲ. ಹನ್ನೊಂದು ವರ್ಷ ಮನೇಲಿದ್ದು ಮತ್ತೆ ಕೆಲಸಕ್ಕೆ ಹೋದ ಹೆಂಗಸು ನಾನು. ಗೊತ್ತಿರೋರು ಸಿಕ್ಕಾಗೆಲ್ಲ, "ಭಲೇ ಗಟ್ಟಿಗಿತ್ತಿ ಕಣಮ್ಮಾ ನೀನು" ಅಂತಾರೆ. ನಾನು ನಕ್ಕು ಸುಮ್ಮನಾಗ್ತೀನಿ. ಆ ಮಾತು ಕಿವಿಗೆ ಬಿದ್ದ ತಕ್ಷಣ ನನ್ನ ಮೂಗಿಗೆ ತೌಡಿನ ವಾಸನೆ ಬರುತ್ತೆ. ಅದನ್ನ ಅವರಿಗೆ ಹೇಗೆ ಹೇಳಲಿ.

ನಾನು ನರ್ಸು. ಸಿಪಾಯಿಗಳಿರೋ ದಂಡಿನ ಕಡೆ ಒಂದು ಆಸ್ಪತ್ರೇಲಿ ನಮ್ಮಪ್ಪ ವಾರ್ಡ್ ಬಾಯ್ ಆಗಿದ್ದ. ಅಲ್ಲೇ ನನ್ನ ಟ್ರೈನಿಂಗಿಗೆ ಸೇರಿಸ್ದ. ಹೆಣ್ಣುಮಗಳು ಕಂಡೋರ ಗಾಯ ತೊಳೆಯೋದಾ ಅಂತ ಸುತ್ತಮುತ್ತ ಆಡ್ಕೊಂಡ್ರು, ಅಪ್ಪ ಕಿವೀಗೆ ಹಾಕ್ಕೊಳ್ಳಲಿಲ್ಲ. ನಾಲ್ಕು ವರ್ಷ ಕೆಲಸ ಮಾಡ್ದೆ. ಆಮೇಲೆ ಒಂದಿನ ಬಾಣಸವಾಡಿಯಿಂದ ಒಬ್ಬ ಕಾಲಿಗೆ ಗುದ್ದಲಿ ಏಟು ಬಿದ್ದು ಕುಂಟ್ಕೊಂಡು ಬಂದ. ತೊಳೆದು ಪಟ್ಟಿ ಕಟ್ಟಿ ಕಳಿಸ್ದೆ. ಗಾಯ ಒಣಗಿ ಹದಿನೈದು ದಿನ ಆದ್ಮೇಲೂ ಬರ್ತಾನೇ ಇದ್ದ, ಕೈಲಿ ಒಂದೊಂದು ಹೂಕೋಸು.

"ಕಾಲು ಸರಿಹೋಯ್ತಲ್ಲ, ಇನ್ನೇನು?" ಅಂದೆ.

"ಹೂಕೋಸು ಹೆಂಗಿತ್ತು ಅಂತ ಕೇಳಕ್ಕೆ ಬಂದೆ" ಅಂದ.

ಆ ಮನುಷ್ಯನ್ನೇ ಮದುವೆ ಆದೆ. ಮದುವೆ ಆದ ನರ್ಸು ಕೆಲಸ ಬಿಡಬೇಕು ಅನ್ನೋದು ಆಗಿನ ಆಸ್ಪತ್ರೆ ರೂಲು. ನಮ್ಮನೆಯವರು ಬಿಡು ಅನ್ನಲಿಲ್ಲ, ಪಾಪ. ಬಿಟ್ಟ ದಿನ ಬಿಳಿ ಸೀರೆ ಮಡಚಿ ಟ್ರಂಕಿನ ತಳಕ್ಕೆ ಹಾಕ್ದೆ. ಅಷ್ಟೇ.

ಬಾಣಸವಾಡಿ ಆಗ ಪೂರ್ತಿ ಹಳ್ಳಿ. ನಮ್ಮದು ತರಕಾರಿ ತೋಟ, ಎರಡು ಎಮ್ಮೆ, ಒಂದು ಎತ್ತಿನ ಗಾಡಿ. ಮನೇಲಿ ನಮ್ಮ ಜೊತೆ ಭಾವ ಮತ್ತೆ ಅವರ ಹೆಂಡ್ತಿ. ಆ ವಾರಗಿತ್ತೀನ ನಾನು ಅಕ್ಕ ಅಂತ ಕರೀತಿದ್ದೆ. ಅಕ್ಕಂಗೆ ಮಕ್ಕಳಾಗಲಿಲ್ಲ. ನನಗೆ ಆದ್ವು, ಉಳೀಲಿಲ್ಲ. ಮೊದಲನೇದು ಹನ್ನೆರಡು ದಿನ ಇತ್ತು. ಎರಡನೇದು ಮೂರು ತಿಂಗಳು. ಊರೋರ ಮಕ್ಕಳಿಗೆಲ್ಲ ಜ್ವರ ಬಂದ್ರೆ ನನ್ನ ಕರೆಯೋರು, ನನ್ನ ಮಕ್ಕಳನ್ನ ಉಳಿಸ್ಕೊಳ್ಳೋಕೆ ನನ್ನ ಕೈಲಿ ಆಗಲಿಲ್ಲ.

ಮೂರನೇದು ಹೆಣ್ಣು. ಹುಟ್ಟಿದ ಒಂಬತ್ತನೇ ದಿನ ಅದನ್ನ ಮಾರಿದ್ವಿ.

ಗಾಬರಿ ಆಗ್ಬೇಡಿ. ಮಕ್ಕಳು ಉಳೀದ ಮನೇಲಿ ನಮ್ಮ ಕಡೆ ಹೀಗೆ ಮಾಡ್ತಾರೆ. ಮಗೂನ ಮೊರದಲ್ಲಿ ಮಲಗಿಸಿ ಹೊಸಲಿನ ಆಚೆ ಇಡೋದು. ಬೇರೆ ಹೆಂಗಸು ಬಂದು ಒಂದು ಸೇರು ತೌಡು ಕೊಟ್ಟು ಕೊಂಡ್ಕೊಳ್ಳೋದು. ಎಮ್ಮೆ ತಿನ್ನೋ ತೌಡಿಗೆ ಮಾರಿದ ಮಗು ಅಂದ್ರೆ ಬೆಲೆ ಇಲ್ಲದ್ದು, ಅದರ ಮೇಲೆ ಯಮ ಕಣ್ಣು ಹಾಕಲ್ಲ ಅಂತ ನಂಬಿಕೆ. ಸಾಕೋದು ಹೆತ್ತೋಳೇ, ಆದ್ರೆ ಮಗು ಅವಳನ್ನ ಅಮ್ಮ ಅನ್ನಬಾರದು, ಕೊಂಡೋಳನ್ನೇ ಅಮ್ಮ ಅನ್ನಬೇಕು. ಏಳು ವರ್ಷ ತುಂಬಿದ ದಿನ ಹೆತ್ತೋಳು ಎರಡು ಸೇರು ತೌಡು ಕೊಟ್ಟು ಬಿಡಿಸ್ಕೊಳ್ತಾಳೆ. ಆಗ ಮಗು ಕೊಂಡೋಳ ಪಕ್ಕದಿಂದ ಹೆತ್ತೋಳ ಹತ್ರ ತಾನಾಗೇ ನಡ್ಕೊಂಡು ಬರಬೇಕು. ಯಾರೂ ತಳ್ಳಬಾರದು, ಎಳೀಬಾರದು. ಬಂದ್ರೆ ಮುಗೀತು, ಅಲ್ಲಿಂದಾಚೆಗೆ ಅದು ನಿನ್ನ ಮಗು.

ಕೊಂಡೋಳು ನಮ್ಮಕ್ಕ. ಟ್ರೈನಿಂಗ್ ಆದೋಳು ಇದನ್ನೆಲ್ಲ ನಂಬ್ತೀಯಾ ಅಂತ ಕೇಳ್ತೀರಿ. ಎರಡು ಮಕ್ಕಳನ್ನ ಮಣ್ಣು ಮಾಡಿದ್ದೆ ಕಣ್ರೀ, ನೀವು ಕಲ್ಲಿಗೆ ಸುತ್ತು ಬಾ ಅಂದಿದ್ರೂ ಸುತ್ತುತಿದ್ದೆ.

ಹುಡುಗಿ ಉಳೀತು. ಅಕ್ಕನ್ನ ಅಮ್ಮ ಅಂತು, ನನ್ನ ಚಿಕ್ಕಮ್ಮ ಅಂತು. ಆದ್ರೆ ನಾನೇ ಹೆತ್ತೋಳು ಅಂತ ಅದಕ್ಕೆ ಗೊತ್ತಿತ್ತು, ಊರಿಗೇ ಗೊತ್ತಿತ್ತು. ನನ್ನ ಪಕ್ಕ ಮಲಗಿದಾಗ ನನ್ನ ಕಿವಿಗೆ ಬಾಯಿಟ್ಟು, ಗಾಳಿ ಊದಿದ ಹಾಗೆ "ಅಮ್ಮ" ಅನ್ನೋದು. ಆಮೇಲೆ ಬಾಯಿ ಮುಚ್ಕೊಂಡು ಕಿಸಕ್ ಅಂತ ನಗೋದು, ಯಮಂಗೆ ಕೇಳಿಸ್ಲಿಲ್ಲ ಅಂತ.

ಅವಳಿಗೆ ಐದು ತುಂಬಿ ಸ್ವಲ್ಪ ದಿನಕ್ಕೆ ನಮ್ಮನೆಯವರು ಹೋಗ್ಬಿಟ್ರು. ನಾಲ್ಕೇ ದಿನದ ಜ್ವರ. ಅದರ ಬಗ್ಗೆ ಇಲ್ಲಿ ಬರಿಯಲ್ಲ.

ಒಂದು ವರ್ಷ ಕಳೀತು, ಮಹಾಯುದ್ಧ ನಡೀತಿತ್ತು. ಆಸ್ಪತ್ರೆಗಳಲ್ಲಿ ನರ್ಸುಗಳು ಸಾಲ್ತಿಲ್ಲ, ಹಳಬರು ಬಂದ್ರೂ ತಗೋತಾರೆ, ವಿಧವೆಯರಾದ್ರೂ ಪರವಾಗಿಲ್ಲ ಅಂತ ಸುದ್ದಿ ಬಂತು. ಹೊಟ್ಟೆಪಾಡಿಗೆ ಹೋದೆ ಅಂತ ಹೇಳಿದ್ರೆ ನಿಮಗೆ ನನ್ನ ಮೇಲೆ ಕನಿಕರ ಬರುತ್ತೆ. ಆದ್ರೆ ಅದು ಸುಳ್ಳು. ಭಾವ, ಅಕ್ಕ ನನಗೆ ಅನ್ನ ಹಾಕೋಕೆ ಹಿಂದೆಮುಂದೆ ನೋಡೋರಲ್ಲ. ನನಗೆ ಆ ಕೆಲಸ ಬೇಕಿತ್ತು. ಹನ್ನೊಂದು ವರ್ಷ ನಾನು ಯಾರ ಮನೆಗೆ ಹೋದ್ರೂ ಮೊದಲು ನೋಡ್ತಿದ್ದಿದ್ದು ಅವರ ಹಾಸಿಗೆ ಮೂಲೆ ಸರಿಯಾಗಿ ಮಡಚಿದ್ದಾರಾ ಅಂತ.

"ಹೋಗೇ, ಹೋಗಿ ಬಾ" ಅಂದ್ಲು ಅಕ್ಕ. "ನಿನ್ನ ಮೂತಿ ನೋಡಕ್ಕಾಗ್ತಿಲ್ಲ. ಮಗು ನಾನು ನೋಡ್ಕೋತೀನಿ. ಹೆಂಗೂ ದುಡ್ಡು ಕೊಟ್ಟು ಕೊಂಡಿದೀನಿ."

"ದುಡ್ಡೆಲ್ಲಿ ಕೊಟ್ಟೆ, ತೌಡು ಕೊಟ್ಟೆ" ಅಂದೆ.

"ಒಳ್ಳೇ ತೌಡು ಕಣೇ ಅದು."

ಇಬ್ಬರೂ ನಕ್ವಿ.

ಆಸ್ಪತ್ರೇಲಿ ನರ್ಸುಗಳಿಗೆಲ್ಲ ಯಜಮಾನಿ ಅಂದ್ರೆ ಮೇಟ್ರನ್, ಒಬ್ಬರು ಆಂಗ್ಲೋ ಇಂಡಿಯನ್ ಹೆಂಗಸು. ಇಂಗ್ಲಿಷು, ತಮಿಳು, ಅರ್ಧಂಬರ್ಧ ಕನ್ನಡ ಎಲ್ಲ ಕಲಸಿ ಮಾತಾಡೋರು. ಮೊದಲು ಕೈ ತೋರಿಸು ಅಂದ್ರು. ಕಳೆ ಕಿತ್ತು, ಸಗಣಿ ಬಾಚಿ ಒಡೆದು ಹೋಗಿದ್ದ ಕೈ. ತಿರುಗಿಸಿ ತಿರುಗಿಸಿ ನೋಡಿದ್ರು.

"ಇದು ನರ್ಸ್ ಕೈಯಾ?"

"ಆಗಿತ್ತು ಮೇಡಂ. ಮತ್ತೆ ಆಗುತ್ತೆ."

"ಮಕ್ಕಳಿದ್ದಾರಾ? ನೀನು ಕ್ವಾರ್ಟರ್ಸಲ್ಲೇ ಇರಬೇಕು, ಗೊತ್ತಲ್ಲ?"

ನಾನು ಒಂದು ನಿಮಿಷವೂ ಯೋಚಿಸಲಿಲ್ಲ. "ಇಲ್ಲ ಮೇಡಂ" ಅಂದ್ಬಿಟ್ಟೆ.

ಹೊರಗೆ ಬಂದು ಬೆಂಚ್ ಮೇಲೆ ಕೂತೆ. ಆಮೇಲೆ ನನಗೆ ನಾನೇ ಸಮಾಧಾನ ಹೇಳ್ಕೊಂಡೆ. ಸುಳ್ಳೇನು ಹೇಳ್ದೆ? ಮಾರಿದೀನಲ್ಲ. ಇವತ್ತಿನ ಲೆಕ್ಕಕ್ಕೆ ಅವಳು ಅಕ್ಕನ ಮಗಳೇ. ಏಳು ತುಂಬಕ್ಕೆ ಇನ್ನೂ ಹತ್ತು ತಿಂಗಳಿದೆ. ಅಷ್ಟರೊಳಗೆ ಕೆಲಸದಲ್ಲಿ ಬೇರು ಬಿಟ್ಕೊಂಡು ಆಮೇಲೆ ನಿಧಾನಕ್ಕೆ ಹೇಳೋಣ. ನೋಡಿ, ಯಮಂಗೆ ಹೇಳೋಕೆ ಅಂತ ಇಟ್ಕೊಂಡಿದ್ದ ಸುಳ್ಳನ್ನ ಮೇಟ್ರನ್ನಿಗೆ ಹೇಳ್ಬಿಟ್ಟೆ.

ಮಧ್ಯಾಹ್ನ ಡಾಕ್ಟರಮ್ಮ ಮೈ ಪರೀಕ್ಷೆ ಮಾಡಿದ್ರು. ಎದೆ ನೋಡಿದ್ರು, ಹೊಟ್ಟೆ ಒತ್ತಿ ನೋಡಿದ್ರು, ನನ್ನ ಮುಖಾನೂ ಒಂದ್ಸಲ ನೋಡಿದ್ರು. ಏನೂ ಕೇಳಲಿಲ್ಲ. ಕಾಗದದ ಮೇಲೆ 'ಫಿಟ್' ಅಂತ ಬರೆದು ಕಳಿಸಿದ್ರು.

ಹೊರಡೋ ದಿನ ಹುಡುಗಿ ನನ್ನ ಸೆರಗು ಬಿಡಲಿಲ್ಲ. ಕೂತು, ಕಣ್ಣಲ್ಲಿ ಕಣ್ಣಿಟ್ಟು ಹೇಳ್ದೆ. "ನಿಂಗೆ ಏಳು ತುಂಬಿದ ದಿನ ಎರಡು ಸೇರು ತೌಡು ತಗೊಂಡು ಬರ್ತೀನಿ. ಅವತ್ತು ನೀನು ಊರಿಗೆಲ್ಲ ಕೇಳೋ ಹಾಗೆ ಅಮ್ಮ ಅನ್ನು."

"ಕೆರೆ ಆಚೆಗೂ ಕೇಳೋ ಹಾಗೆ ಅಂತೀನಿ" ಅಂದ್ಲು.

ಮತ್ತೆ ಕೆಲಸಕ್ಕೆ ಸೇರೋದು ಅಂದ್ರೆ ಏನು ಅಂತ ಯಾರೂ ಹೇಳಿರಲಿಲ್ಲ. ಒಡೆದ ಕೈಗೆ ಕ್ರಿಮಿ ಸಾಯಿಸೋ ಕಾರ್ಬಾಲಿಕ್ ನೀರು ತಾಗಿದ್ರೆ ಮೆಣಸಿನಕಾಯಿ ಅರೆದ ಹಾಗೆ. ನಾನು ಬಿಟ್ಟಾಗ ಇಲ್ಲದೇ ಇದ್ದ ಸಲ್ಫಾ ಮಾತ್ರೆ ಈಗ ಎಲ್ಲದಕ್ಕೂ. ಮರ್ಫಿ ಟೌನಿಂದ ಬಂದ ಒಬ್ಬಳು ತಮಿಳು ಹುಡುಗಿ ನನಗಿಂತ ಹದಿಮೂರು ವರ್ಷ ಚಿಕ್ಕವಳು, ಅವಳು ಸೀನಿಯರು, ನಾನು ಜೂನಿಯರು. ನನ್ನ ಪಾಟಿ ಅಂತ ಕರೆಯೋಳು. ಪಾಟಿ ಅಂದ್ರೆ ತಮಿಳಲ್ಲಿ ಅಜ್ಜಿ. ನನಗೆ ಮೂವತ್ತಾರು.

"ಪಾಟಿ, ಚಾರ್ಟು ಹಂಗೆ ಬರಿಯೋದಲ್ಲ, ಅದು ನಿಮ್ಮ ತಾತನ ಕಾಲದ್ದು."

"ನಮ್ಮ ತಾತ ನರ್ಸ್ ಆಗಿರಲಿಲ್ಲ ಕಣೇ."

"ಆಗಿದ್ರೆ ನಿಂಗಿಂತ ಬೇಗ ಬೆಡ್ಡು ಹಾಕ್ತಿದ್ದ."

ಒಳ್ಳೇ ಹುಡುಗಿ. ಎರಡು ತಿಂಗಳಲ್ಲಿ ಎಲ್ಲ ಕಲಿಸಿದ್ಲು. ಮೂರನೇ ತಿಂಗಳು, ಒಬ್ಬ ರೋಗಿಗೆ ಸೂಜಿ ಚುಚ್ಚೋಕೆ ಯಾರಿಗೂ ಸಿಗದ ನರ ನನ್ನ ಬೆರಳಿಗೆ ಸಿಕ್ತು. ಅವತ್ತು ವಾರ್ಡಲ್ಲಿ ಎಲ್ಲರೂ ನನ್ನ ನೋಡಿದ್ರು. ಆ ದಿನದ ಖುಷೀನ ನಾನು ಬಚ್ಚಿಡಲ್ಲ.

ಹದಿನೈದು ದಿನಕ್ಕೊಂದು ಅರ್ಧ ದಿನ ರಜಾ. ಶಿವಾಜಿನಗರ ಮಾರ್ಕೆಟ್ಟಿಗೆ ನಡ್ಕೊಂಡು ಹೋದ್ರೆ ತರಕಾರಿ ಇಳಿಸಿ ಖಾಲಿಯಾದ ನಮ್ಮ ಗಾಡಿ ಸಿಗೋದು. ಕೋಸಿನ ಸಿಪ್ಪೆ ಮಧ್ಯೆ ಕೂತು ಊರಿಗೆ ಹೋಗ್ತಿದ್ದೆ. ಹುಡುಗಿ ಕೆರೆ ಏರಿ ಮೇಲೆ ಕಾಯ್ತಿತ್ತು. ಸಂಜೆ ಆರಕ್ಕೆ ವಾಪಸ್ ಡ್ಯೂಟಿ, ಹಾಗಾಗಿ ಸಿಗ್ತಿದ್ದಿದ್ದು ಒಂದೆರಡು ಗಂಟೆ. ಅದರಲ್ಲೇ ತಲೆ ಬಾಚಿ, ಹೇನು ಹೆಕ್ಕಿ, ಉಗುರು ಕತ್ತರಿಸಿ, ಒಂದು ತುತ್ತು ತಿನ್ನಿಸಿ ಹೊರಡೋದು.

ಏಳು ತುಂಬೋ ದಿನ ಬಂತು. ಅದೇ ವಾರ ಆಸ್ಪತ್ರೇಲಿ ಟೈಫಾಯಿಡ್ ತುಂಬಿ ಹೋಯ್ತು. ವರಾಂಡದಲ್ಲೂ ಮಂಚ. ಎಲ್ಲರ ಅರ್ಧ ದಿನವೂ ರದ್ದು. ಭಾರಿ ಕಾರಣ ಇದ್ರೆ ಮೇಟ್ರನ್ ಹತ್ರ ಹೋಗಿ ಕೇಳಿ ಅಂದ್ರು.

"ಹೋಗಿ ಕೇಳು ಪಾಟಿ, ಏನು ತಿಂದ್ಬಿಡ್ತಾರಾ?" ಅಂದ್ಲು ಮರ್ಫಿ ಟೌನ್ ಹುಡುಗಿ. ನನ್ನ ಕಾರಣ ಏನು ಅಂತ ಅವಳಿಗೆ ಗೊತ್ತಿರಲಿಲ್ಲ.

ಹೋದೆ. ಮೇಟ್ರನ್ ರೂಮಿನ ಬಾಗಿಲಲ್ಲಿ ನಿಂತೆ. ಅವರು ತಲೆ ಎತ್ತಿ "ಏನಮ್ಮಾ?" ಅಂದ್ರು.

ಮಗಳು ಅನ್ನೋ ಮಾತು ಗಂಟಲವರೆಗೂ ಬಂತು.

"ತಲೆನೋವು ಮೇಡಂ, ಒಂದು ಮಾತ್ರೆ ಬೇಕಿತ್ತು" ಅಂದೆ.

ಡ್ರಾಯರಿಂದ ತೆಗೆದು ಕೊಟ್ರು. ತಲೆನೋವಿಲ್ಲದ ತಲೆ ಹೊತ್ಕೊಂಡು, ಅವರೆದುರಿಗೇ ಮಾತ್ರೆ ನುಂಗಿ, ವಾರ್ಡಿಗೆ ವಾಪಸ್ ಬಂದೆ.

ಅವತ್ತು ಅಕ್ಕ ಅವಳಿಗೆ ಹೊಸ ಲಂಗ ಉಡಿಸಿ, ಹೊಸಲಲ್ಲಿ ಮೊರ ಇಟ್ಟು ಕೂರಿಸಿದ್ಲಂತೆ. ಹೊತ್ತು ಮುಳುಗೋವರೆಗೂ ಕೂತಿತ್ತಂತೆ ಮಗು, ಲಂಗ ಮಣ್ಣಾಗಬಾರದು ಅಂತ ಮೇಲಕ್ಕೆತ್ತಿ ಹಿಡ್ಕೊಂಡು. ಏಳು ತಪ್ಪಿದ್ರೆ ಒಂಬತ್ತಕ್ಕೇ, ಎಂಟರಲ್ಲಿ ಬಿಡಿಸ್ಕೊಳ್ಳೋ ಹಾಗಿಲ್ಲ ಅಂದ್ರು ಊರಲ್ಲಿ ದೊಡ್ಡೋರು. ಮುಂದಿನ ಸಲ ನಾನು ಹೋದಾಗ ಕೆರೆ ಏರಿ ಮೇಲೆ ಯಾರೂ ಇರಲಿಲ್ಲ. ಮನೇಲಿದ್ಲು. ತಲೆ ಬಾಚಿಸ್ಕೊಂಡ್ಲು, ತುತ್ತು ತಿಂದ್ಲು. ಕಿವಿ ಹತ್ರ ಮಾತ್ರ ಬರಲಿಲ್ಲ.

"ಸಿಟ್ಟಾ?" ಅಂದೆ.

"ಇಲ್ಲ ಚಿಕ್ಕಮ್ಮ" ಅಂದ್ಲು.

ಅವಳಿಗೆ ಎಂಟಾಗಿದ್ದಾಗ ಜ್ವರ ಬಂತು. ಇಳೀದೇ ಇದ್ದಾಗ ಅಕ್ಕ ಗಾಡೀಲಿ ಹಾಕ್ಕೊಂಡು ನಮ್ಮಾಸ್ಪತ್ರೆಗೇ ತಂದ್ಲು. ಇನ್ನೆಲ್ಲಿಗೆ ತರ್ತಾಳೆ? ಟೈಫಾಯಿಡ್. ರಿಜಿಸ್ಟರಲ್ಲಿ ತಾಯಿ ಅಂತ ಅಕ್ಕನ ಹೆಸರು ಬರೆದ್ರು. ನಾನು ಪಕ್ಕದಲ್ಲೇ ಥರ್ಮಾಮೀಟರ್ ಹಿಡ್ಕೊಂಡು ನಿಂತಿದ್ದೆ.

ಇಪ್ಪತ್ತೊಂದು ದಿನ. ಆ ದಿನಗಳಲ್ಲಿ ನಾನು ಮಾಡಿದ ಕೆಲಸ ಯಾವ ತಾಯೀನೂ ಮಾಡಿರಲ್ಲ, ಯಾಕಂದ್ರೆ ತಾಯಂದಿರಿಗೆ ಅದೆಲ್ಲ ಬರಲ್ಲ. ಗಂಟೆಗೊಂದ್ಸಲ ಮೈ ಒರೆಸ್ದೆ. ಬೆನ್ನಲ್ಲಿ ಹುಣ್ಣಾಗದ ಹಾಗೆ ಮಗ್ಗುಲು ಬದಲಾಯಿಸ್ದೆ. ಟೈಫಾಯಿಡ್‌ನಲ್ಲಿ ಗಟ್ಟಿ ಪದಾರ್ಥ ಕೊಡಬಾರದು, ಕರುಳು ಹರಿಯುತ್ತೆ. "ಮುದ್ದೆ ಕೊಡು ಚಿಕ್ಕಮ್ಮ, ಒಂದು ಚೂರು" ಅಂತ ಅಳೋಳು. ಬಾರ್ಲಿ ನೀರು ಕುಡಿಸ್ದೆ. ಅಕ್ಕ ಕದ್ದು ತಂದಿದ್ದ ಮುದ್ದೇನ ಕೈಯಿಂದ ಕಿತ್ತು ಬಿಸಾಕಿ, ಎಲ್ಲರೆದುರು ಅಕ್ಕನ್ನ ಬೈದೆ. ಅಕ್ಕ ಬಗ್ಗಿ, ಬಿದ್ದ ಮುದ್ದೆ ಹೆಕ್ಕಿದ್ಲು.

ಜ್ವರ ಇಳೀತಾ ಬಂದಿದ್ದ ಒಂದು ಬೆಳಗ್ಗೆ ಮೇಟ್ರನ್ ರೌಂಡ್ಸ್ ಬಂದ್ರು. ನಾನು ಮಂಚದ ತುದೀಲಿ ಕೂತು ಅವಳ ಪಾದ ಒರೆಸ್ತಿದ್ದೆ. ನರ್ಸು ಮಂಚದ ಮೇಲೆ ಕೂರೋ ಹಾಗಿಲ್ಲ. ತಕ್ಷಣ ಎದ್ದೆ.

"ಯಾರಿದು? ನಿನಗೆ ಗೊತ್ತಿರೋರಾ?"

"ನಮ್ಮ ಊರ ಕಡೆಯವರು ಮೇಡಂ."

"ಅಷ್ಟೇನಾ?"

"ಅಷ್ಟೇ ಮೇಡಂ."

ಅವರು ಮುಂದಿನ ಮಂಚಕ್ಕೆ ಹೋದ್ರು. ನಾನು ತಿರುಗಿ ನೋಡ್ದೆ. ಅವಳು ನಿದ್ದೇಲಿದ್ದಾಳೆ ಅಂದ್ಕೊಂಡಿದ್ದೆ. ಕಣ್ಣು ಪೂರ್ತಿ ಬಿಟ್ಕೊಂಡು ನನ್ನೇ ನೋಡ್ತಿದ್ಲು. ಕಾಲು ಎಳ್ಕೊಂಡು ಹೊದಿಕೆ ಒಳಗೆ ಇಟ್ಕೊಂಡ್ಲು.

ಬದುಕಿದ್ಲು. ನಾನೇ ಬದುಕಿಸ್ದೆ, ಅದನ್ನ ಧೈರ್ಯವಾಗಿ ಹೇಳ್ತೀನಿ. ಅಕ್ಕನ ಹೆಗಲ ಮೇಲೆ ತಲೆ ಇಟ್ಕೊಂಡು ಮನೆಗೆ ಹೋದ್ಲು.

ಯುದ್ಧ ಮುಗೀತು. ಆ ವರ್ಷವೇ ನನ್ನ ಕೆಲಸ ಖಾಯಂ ಆಯ್ತು. ಒಂಬತ್ತು ತುಂಬೋ ದಿನ ಹತ್ರ ಬಂತು. ಈ ಸಲ ಏನಾದ್ರೂ ಆಗ್ಲಿ ಅಂತ ಮೇಟ್ರನ್ ರೂಮಿಗೆ ಹೋಗಿ, ನಿಂತಲ್ಲೇ ಎಲ್ಲ ಹೇಳ್ಬಿಟ್ಟೆ. ಮಗಳಿದ್ದಾಳೆ ಅಂದೆ. ಮೊರ, ತೌಡು ಎಲ್ಲ ಹೇಳ್ದೆ. ಕೆಲಸದಿಂದ ತೆಗೆದ್ರೂ ಸರಿ, ಒಂದು ದಿನ ರಜಾ ಕೊಡಿ ಅಂದೆ.

ಅವರು ಪೆನ್ನು ಕೆಳಗಿಟ್ರು.

"ನೀನು ಸೇರಿದ ದಿನವೇ ಡಾಕ್ಟರ್ ನನಗೆ ಹೇಳಿದ್ರು" ಅಂದ್ರು. "ಹೆತ್ತ ಹೊಟ್ಟೆ, ಒಂದಲ್ಲ ಎರಡಲ್ಲ ಅಂತ. ನೀನು ಇಲ್ಲ ಅಂದಿದ್ದೆ. ಪಾಪ, ಎಲ್ಲ ತೀರಿಹೋಗಿರಬೇಕು, ಕೆದಕಬಾರದು ಅಂತ ನಾನು ಕೇಳಲಿಲ್ಲ."

ನನಗೆ ಕೂರಬೇಕು ಅನ್ನಿಸ್ತು, ಕೂತೆ. ಎಷ್ಟು ಬಾಣಂತಿಯರ ಹೊಟ್ಟೆ ನೋಡಿದೀನಿ ನಾನು. ಹೆತ್ತ ಹೊಟ್ಟೆ ಮೇಲೆ ಬಿದ್ದ ಗೆರೆ ಸಾಯೋವರೆಗೂ ಹೋಗಲ್ಲ ಅಂತ ಟ್ರೈನಿಂಗಿನ ಮೊದಲನೇ ವರ್ಷವೇ ಕಲಿತಿದ್ದೆ. ಊರಿನ ದಡ್ಡಿಗೂ ಹೊಳೀತಿತ್ತು. ನನ್ನ ಮೈ ಮೇಲೇ ಬರೆದಿದ್ದನ್ನ ಮುಚ್ಚಿಡ್ತಾ ಇದೀನಿ ಅಂತ ಮೂರು ವರ್ಷ ಓಡಾಡಿದೀನಿ.

"ಇದ್ದಾಳೆ ಅಂದಿದ್ರೆ ಕೆಲಸ ಕೊಡ್ತಿರಲಿಲ್ವಾ ಮೇಡಂ?"

"ಕ್ವಾರ್ಟರ್ಸಲ್ಲಿ ಇಟ್ಕೋಬಾರದು, ಅಷ್ಟೇ ರೂಲು. ಬೇರೆಯವರ ಹತ್ರ ಬಿಟ್ಟಿದ್ರೆ ನನಗೇನು? ಭಾನುವಾರ ಬಂದು ನಿನ್ನ ನೋಡ್ಕೊಂಡು ಹೋಗಬಹುದಿತ್ತು." ಆಮೇಲೆ ಏನೋ ನೆನಪಾಗಿ ಕನ್ನಡಕ ತೆಗೆದ್ರು. "ಆ ಟೈಫಾಯಿಡ್ ಹುಡುಗಿ?"

"ಅವಳೇ ಮೇಡಂ."

ರಜಾ ಚೀಟಿ ಬರೆದು ಕೊಟ್ರು. ಕೊಡುವಾಗ ನನ್ನ ಮುಖ ನೋಡಲಿಲ್ಲ.

ರೇಷನ್ ಕಾಲ, ತೌಡಿಗೂ ಅಲೀಬೇಕು. ಹಲಸೂರಿನಲ್ಲಿ ಭತ್ತ ಕುಟ್ಟೋ ಮನೆಯೊಂದನ್ನ ಹುಡುಕಿ, ಎರಡು ಸೇರು ಅಳೆಸಿ, ಚೀಲಕ್ಕೆ ತುಂಬಿಸ್ಕೊಂಡು ಹೋದೆ. ಬೆಳಗ್ಗೆ ಹತ್ತು ಗಂಟೆ ಬಿಸಿಲು. ಅಕ್ಕ ಹೊಸಲು ಸಾರಿಸಿ ರಂಗೋಲಿ ಹಾಕಿದ್ಲು. ಒಂದು ಕಡೆ ಅಕ್ಕ, ಅವಳ ಪಕ್ಕ ಹುಡುಗಿ. ಈ ಕಡೆ ನಾನು. ಮಧ್ಯೆ ಮೊರ. ಚೀಲ ಬಿಚ್ಚಿ ತೌಡು ಸುರಿದೆ. ಧೂಳೆದ್ದು ಮೂಗಿಗೆ ಹೋಯ್ತು.

"ಕೊಟ್ಟೆ ಅಕ್ಕ" ಅಂದೆ.

"ತಗೊಂಡೆ" ಅಂದ್ಲು ಅಕ್ಕ. ಕಣ್ಣಲ್ಲಿ ನೀರು ಸುರೀತಿತ್ತು. ತಳ್ಳಿದ್ಲು ಅನ್ನಬಾರದು, ಹಿಡಿದ್ಲು ಅನ್ನಬಾರದು ಅಂತ ಎರಡೂ ಕೈ ಬೆನ್ನ ಹಿಂದೆ ಕಟ್ಕೊಂಡಿದ್ಲು.

ನಾಲ್ಕು ಹೆಜ್ಜೆ ದೂರ. ನಾಲ್ಕೇ.

"ಬಾ ಕಂದ" ಅಂದೆ.

ಅವಳು ತೌಡು ನೋಡಿದ್ಲು. ನನ್ನ ಬಿಳಿ ಸೀರೆ ನೋಡಿದ್ಲು. ನಿಂತ ಕಡೇನೇ ನಿಂತಿದ್ಲು.

"ಬಾರೇ" ಅಂದೆ. "ಕೆರೆ ಆಚೆಗೂ ಕೇಳೋ ಹಾಗೆ ಅಂತೀನಿ ಅಂದಿದ್ಯಲ್ಲ."

"ನೀವು ನಮ್ಮ ಊರ ಕಡೆಯವರು, ಅಷ್ಟೇ ಅಂದ್ರಲ್ಲ" ಅಂದ್ಲು.

ಸಿಟ್ಟಲ್ಲಿ ಹೇಳಿದ್ರೆ ತಡ್ಕೋತಿದ್ದೆ. ಪಾಠ ಒಪ್ಪಿಸಿದ ಹಾಗೆ ಹೇಳಿದ್ಲು. ನೀನು ಅನ್ನೋಳು ನೀವು ಅಂದ್ಲು.

ಅಕ್ಕ ಬಗ್ಗಿ, "ಹಂಗಲ್ಲ ಕಣಮ್ಮಾ, ಅವಳು ನಿನ್ನ ಹೆತ್ತೋಳು, ಹೋಗು" ಅಂದ್ಲು. ನಾನು ಏನೇನೋ ಹೇಳ್ದೆ. ಕೆಲಸ ಹೋಗುತ್ತೆ ಅಂತ ಭಯ ಇತ್ತು ಅಂದೆ. ಒಂಬತ್ತು ವರ್ಷದ ಮಗೂಗೆ ರೂಲು, ಮೇಟ್ರನ್ನು, ಕ್ವಾರ್ಟರ್ಸು ಎಲ್ಲ ವಿವರಿಸ್ದೆ. ಕೇಳಿಸ್ಕೊಂಡ್ಲು. ಆಮೇಲೆ ಅಕ್ಕನ ಸೆರಗು ಹಿಡಿದು, ಗಟ್ಟಿಯಾಗಿ, "ಅಮ್ಮಾ, ಎಮ್ಮೆಗೆ ನೀರಿಟ್ಟಿಲ್ಲ" ಅಂದು ಹಿತ್ತಲಿಗೆ ಹೋದ್ಲು.

ಎಳೀಬಾರದು. ಎಳೀಲಿಲ್ಲ.

ತೌಡು ಅಲ್ಲೇ ಬಿಡಕ್ಕಾಗುತ್ತಾ? ನಾನೇ ಎತ್ಕೊಂಡು ಹೋಗಿ, ನೀರು ಹಾಕಿ ಕಲಸಿ, ಎಮ್ಮೆಗಳಿಗೆ ಇಟ್ಟೆ. ಆ ಹೊತ್ತಿಗೆ ನನ್ನ ಕೈ ಮೆತ್ತಗಾಗಿತ್ತು, ಒಂದು ಬಿರುಕೂ ಇರಲಿಲ್ಲ. ಗಾಡಿ ಹತ್ತುವಾಗ ಹಿಂದಿನಿಂದ ಓಡಿ ಬರೋ ಸದ್ದು ಕೇಳ್ತು. ತಿರುಗಿದೆ. ಅವಳೇ.

"ಚಿಕ್ಕಮ್ಮ, ನಿಮ್ಮ ಚೀಲ" ಅಂದ್ಲು. ಧೂಳು ಒದರಿ, ನಾಲ್ಕು ಮಡಿಕೆ ಮಡಚಿ ತಂದಿದ್ಲು. ನನ್ನ ಹಾಗೇ, ಮೂಲೆಗೆ ಮೂಲೆ ಕೂಡಿಸಿ.

ಕೆಲಸಕ್ಕೆ ಹೋಗಿದ್ದೇ ತಪ್ಪು ಅಂತ ಹೇಳೋರ ಹತ್ರ ನಾನು ಇವತ್ತೂ ಜಗಳ ಆಡ್ತೀನಿ. ಕೆಲಸ ಇಲ್ಲದೇ ಇದ್ದಿದ್ರೆ ಆ ಇಪ್ಪತ್ತೊಂದು ದಿನ ಅವಳು ಉಳೀತಿರಲಿಲ್ಲ. ಇಲ್ಲ ಅಂದಿದ್ದು ತಪ್ಪು. ಒಂದ್ಸಲ ಅಲ್ಲ, ಮೂರು ಸಲ ಅಂದೆ. ಒಂದ್ಸಲ ಬಾಯಲ್ಲಿ, ಒಂದ್ಸಲ ಮಾತ್ರೆ ನುಂಗಿ, ಒಂದ್ಸಲ ಅವಳ ಕಣ್ಣೆದುರಿಗೆ.

ಅವತ್ತು ಇಡೀ ದಿನ ರಜಾ ಇತ್ತು. ಆದ್ರೂ ಆರು ಗಂಟೆಗೆ ವಾರ್ಡಿಗೆ ಹೋದೆ, ಇನ್ನೆಲ್ಲಿಗೆ ಹೋಗಲಿ. ಮರ್ಫಿ ಟೌನ್ ಹುಡುಗಿ ನನ್ನ ತೋಳಿನ ಮೇಲಿದ್ದ ತೌಡು ಕೊಡವಿದ್ಲು.

"ಏನು ಪಾಟಿ ಇದು, ಎಲ್ಲಿ ಬಿದ್ದು ಹೊರಳಾಡಿ ಬಂದೆ?"

"ಊರಿಗೆ ಹೋಗಿದ್ದೆ."

"ಊರಲ್ಲಿ ಯಾರಿದ್ದಾರೆ ನಿಂಗೆ?"

"ಮಗಳಿದ್ದಾಳೆ" ಅಂದೆ. ಆ ವಾರ್ಡಲ್ಲಿ ನಿಂತು, ಎಲ್ಲರಿಗೂ ಕೇಳೋ ಹಾಗೆ, ಮೊದಲನೇ ಸಲ.

"ಸುಮ್ನಿರು ಪಾಟಿ" ಅಂತ ನಕ್ಕು, ಥರ್ಮಾಮೀಟರ್ ಟ್ರೇ ನನ್ನ ಕೈಗೆ ಕೊಟ್ಲು.